ಕಟ್ಟದ ಗುಂಡಿಯಲ್ಲಿ ಬಲೆಗೂಡು: ಆದಿತ್ಯವಾರ ಯಾರೆಲ್ಲ ಬರುತ್ತೀರಿ?

ಟೀಚರ್: ಇವತ್ತು ಬೆಳಿಗ್ಗೆ ಪಯಸ್ವಿನಿ ಹೊಳೆಯ ಕಟ್ಟದ (ಅಡ್ಡಗಟ್ಟೆಯ) ಕೆಳಗಿನ ಗುಂಡಿಯಲ್ಲಿ ಮೀನು ಹಿಡಿಯುವ, ಮಡಚುವ ನೈಲಾನ್ ಬಲೆಗೂಡು ಸಿಕ್ಕಿತು. ಒಳಗೆ ನಾಲ್ಕು ಎಟ್ಟಿ (ಸಿಗಡಿ), ಎರಡು ಕರಿ ಆಮೆ. ಆಮೆ ಎರಡೂ ಸತ್ತಿದ್ದವು. ಮೂಗು ಮೇಲಿನ ಮೂಲೆಯ ಬಲೆಗೆ ಒತ್ತಿಕೊಂಡೇ ಇತ್ತು. ಅಲ್ಲಿಂದ ಬರೀ ಒಂದು ಗೇಣು ಮೇಲೆ ಗಾಳಿ.

ಅಂಗಡಿ ಅಣ್ಣ: ಆಮೆ ನೀರಲ್ಲೇ ಇರುವುದಲ್ವಾ ಟೀಚರ್? ಮುಳುಗಿ ಸಾಯುವುದು ಹೇಗೆ?

ಟೀಚರ್: ಅದಕ್ಕೆ ಕಿವಿರಿಲ್ಲ ಅಣ್ಣ, ನಮ್ಮ ಹಾಗೆ ಶ್ವಾಸಕೋಶ. ಸುಮ್ನೆ ಮಲಗಿದ್ದರೆ ತುಂಬ ಹೊತ್ತು ತಡೆಯುತ್ತದೆ. ಸಿಕ್ಕಿಬಿದ್ದು ಒದ್ದಾಡಿದರೆ ಉಸಿರು ಬೇಗ ಮುಗಿಯುತ್ತದೆ. ನೀರುನಾಯಿಗಾದರೆ ಕೆಲವೇ ನಿಮಿಷ.

ಮೇಲಿನ ಮನೆ: ಈ ನೀರು ಹೋಗಿ ಸೇರುವ ಚಂದ್ರಗಿರಿ ಹೊಳೆಯಲ್ಲಿ ಪಾಲಪ್ಪೂವನ್ ಎಂಬ ದೊಡ್ಡ ಮೆದು ಚಿಪ್ಪಿನ ಆಮೆ ಉಂಟು. 2023ರಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಪ್ರಾಣಿ ಎಂದು ಘೋಷಿಸಿದ್ದು ಅದನ್ನೇ. ಕಾನೂನಿನಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಇದೆ. ಗೂಡು ಇಟ್ಟವರಿಗೆ ದಂಡ ಹಾಕಿಸಬೇಕು.

ತೋಟದ ಮನೆ: ಹೇಳಲು ನಾಚಿಕೆ. ಗೂಡು ನನ್ನದು. ಆನ್‌ಲೈನ್‌ನಲ್ಲಿ ತರಿಸಿದ್ದು. ಎಟ್ಟಿಗೆಂದು ಇಟ್ಟು ಮದುವೆಗೆ ಹೋದವನು ಮೂರು ದಿನ ಮರೆತೇಬಿಟ್ಟೆ.

ಹೊಳೆಬದಿ ಮನೆ: (ಅಪ್ಪ ಹೇಳಿದ್ದು, ನಾನು ಟೈಪ್ ಮಾಡಿದ್ದು) ಅವನು ಒಪ್ಪಿಕೊಂಡನಲ್ಲ, ಬಿಡಿ. ಬಾಯಿ ಬಿಡದವರ ಗೂಡು ಎಷ್ಟಿದೆ ನೋಡುವ. ಮೀನು ಹಿಡಿಯುವ ನಮ್ಮ ಬಿದಿರಿನ ಕೂಳಿ ಅರ್ಧ ನೀರಿನ ಮೇಲಿರುತ್ತಿತ್ತು. ಮರೆತರೆ ಕೊಳೆತು ಹೋಗುತ್ತಿತ್ತು. ಈ ನೈಲಾನ್ ಕೊಳೆಯುವುದಿಲ್ಲ. ಒಳಗೆ ಸತ್ತದ್ದರ ವಾಸನೆಗೆ ಇನ್ನೊಂದು ಬರುತ್ತದೆ, ಅದೂ ಸಾಯುತ್ತದೆ. ಹಾಗಂತ ನಾವೇನು ಸಾಚಾ ಅಲ್ಲ. ಹೊಸ ಮಳೆಗೆ ಮೊಟ್ಟೆ ಹೊತ್ತು ಹತ್ತುವ ಮೀನನ್ನೂ ಬಿಡುತ್ತಿರಲಿಲ್ಲ.

ಟೀಚರ್: ಆದಿತ್ಯವಾರ ಬೆಳಿಗ್ಗೆ 7ಕ್ಕೆ ಕಟ್ಟದ ಹತ್ತಿರ ಸೇರುವ. ಯಾರದೂ ಅಲ್ಲದ ಗೂಡು ಮಾತ್ರ ಎತ್ತುವುದು. ಇಟ್ಟವರು ಗೊತ್ತಿದ್ದರೆ ಕೊಯ್ಯಬೇಡಿ, ಮನೆಗೆ ಹೋಗಿ ಮಾತಾಡುವ. ಇಡಲೇಬೇಕು ಅನ್ನುವವರು ಒಂದು ತುದಿಯನ್ನು ನೀರಿನ ಮೇಲೆ ಎತ್ತಿ ಕಟ್ಟಿ. ಒಳಗೆ ಮುಚ್ಚಳ ಹಾಕಿದ ಖಾಲಿ ಬಾಟ್ಲಿ ಎರಡಿದ್ದರೆ ಆ ತುದಿ ತೇಲುತ್ತದೆ. ರಾತ್ರಿ ಬಿಟ್ಟು ಬರಬೇಡಿ.

ಅಂಗಡಿ ಅಣ್ಣ: ಜೀವ ಇರುವ ಆಮೆ ಸಿಕ್ಕಿದರೆ?

ಟೀಚರ್: ಮೊದಲು ಗೂಡನ್ನು ನೀರಿನಿಂದ ಮೇಲೆತ್ತಿ, ಉಸಿರಾಡಲಿ. ಬಾಲ ಹಿಡಿದು ಎಳೆಯಬೇಡಿ. ಮೆದು ಚಿಪ್ಪಿನದಾದರೆ ಕೈ ಹತ್ತಿರ ತರಲೇಬೇಡಿ, ಕುತ್ತಿಗೆ ಚಾಚಿ ಕಚ್ಚುತ್ತದೆ. ಅರಣ್ಯ ಇಲಾಖೆಗೆ ಫೋನ್ ಮಾಡಿ.

ಅಂಗಡಿ ಅಣ್ಣ: ಚಾ, ಅವಲಕ್ಕಿ ನನ್ನ ಲೆಕ್ಕ.

ತೋಟದ ಮನೆ: ಬಾಳೆತೋಟದ ಕೆಳಗೆ ನನ್ನದೇ ಇನ್ನೊಂದು ಉಂಟು. ಆದಿತ್ಯವಾರದವರೆಗೆ ಕಾಯುವುದಿಲ್ಲ, ಈಗಲೇ ಟಾರ್ಚ್ ಹಿಡಿದು ಹೊರಟೆ.

ತೋಟದ ಮನೆ: ಎತ್ತಿದೆ. ಏಡಿ ಒಂದೇ ಇದ್ದದ್ದು. ಬಿಟ್ಟೆ.