ಪದಚರ್ಚೆ: ‘ಪ್ರಾವಿಷನಲ್ ಸ್ಟೆಂಟಿಂಗ್’ ಅಂದರೆ ‘ತಾತ್ಕಾಲಿಕ’ವೇ?

ಗೆಳೆಯರೇ,

ಹೃದಯದ ರಕ್ತನಾಳ ಕವಲೊಡೆಯುವ ಜಾಗದಲ್ಲೇ ಕಟ್ಟಿಕೊಂಡರೆ ಸ್ಟೆಂಟ್ (ನಾಳವನ್ನು ತೆರೆದಿಡುವ ಜಾಲರಿಯ ಕೊಳವೆ) ಹೇಗೆ ಹಾಕುತ್ತಾರೆ ಎಂಬುದರ ಬಗ್ಗೆ ರೋಗಿಗಳಿಗಾಗಿ ಬರೆದ ಕೈಪಿಡಿಯೊಂದನ್ನು ತಿದ್ದುತ್ತಿದ್ದೇನೆ. ಅದರಲ್ಲಿ ‘ಪ್ರಾವಿಷನಲ್ ಸ್ಟೆಂಟಿಂಗ್’ ಎಂಬುದು ‘ತಾತ್ಕಾಲಿಕ ಸ್ಟೆಂಟ್ ಅಳವಡಿಕೆ’ ಆಗಿದೆ. ನಿಘಂಟು ನೋಡಿದರೆ ತಪ್ಪಿಲ್ಲ. ಆದರೆ ಓದಿದವರು ಏನಂದುಕೊಳ್ಳುತ್ತಾರೆ? ಈಗ ಹಾಕಿ ಆಮೇಲೆ ತೆಗೆಯುತ್ತಾರೆ ಅಂತ, ಅಲ್ವಾ?

ಹೃದಯದ ನಾಳಕ್ಕೆ ಹಾಕಿದ ಲೋಹದ ಸ್ಟೆಂಟು ಅಲ್ಲೇ ಉಳಿಯುವಂಥದ್ದು. ತಿಂಗಳುಗಳು ಕಳೆದಂತೆ ನಾಳದ ಒಳಪದರ ಅದರ ಮೇಲೆ ಬೆಳೆದು, ಅದು ಗೋಡೆಯೊಳಗೇ ಸೇರಿಹೋಗುತ್ತದೆ. ‘ಹೇಗೂ ತಾತ್ಕಾಲಿಕ ತಾನೇ’ ಎಂದು ಯಾರಾದರೂ ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಮಾತ್ರೆ ನಿಲ್ಲಿಸಿಬಿಟ್ಟರೆ ಹೃದಯಾಘಾತವೇ ಆಗಬಹುದು. ಹಾಗಾಗಿ ಇದನ್ನು ಸುಮ್ನೆ ಪದದ ಜಗಳ ಅಂತ ಬಿಡುವ ಹಾಗಿಲ್ಲ.

ನಡೆಯುವುದು ಹೀಗೆ. ಮೊದಲು ದೊಡ್ಡ ನಾಳಕ್ಕೂ ಪಕ್ಕದ ಕವಲಿಗೂ ಒಂದೊಂದು ಸಣ್ಣ ತಂತಿ ತೂರಿಸುತ್ತಾರೆ. ಪಕ್ಕದ ಕವಲಿನ ಬಾಯಿಗೆ ಅಡ್ಡವಾಗಿ ದೊಡ್ಡ ನಾಳದಲ್ಲಿ ಒಂದೇ ಸ್ಟೆಂಟ್ ಬಿಡಿಸುತ್ತಾರೆ. ಕವಲಿಗಿಂತ ಹಿಂದಿನ ಭಾಗ, ಅಂದರೆ ರಕ್ತ ಬರುವ ಕಡೆಯದು, ಯಾವಾಗಲೂ ಜಾಸ್ತಿ ಅಗಲ. ಮುಂದಿನ ಎರಡು ಕವಲು 3 ಮತ್ತು 2.5 ಮಿ.ಮೀ. ಇದ್ದರೆ ಹಿಂದಿನದು ಸುಮಾರು 3.7 ಮಿ.ಮೀ. ಇರುತ್ತದೆ. ಕವಲು ದಾಟಿದ ದೊಡ್ಡ ನಾಳದ ಅಳತೆಗೆ ಆರಿಸಿದ ಸ್ಟೆಂಟು ಈ ಹಿಂದಿನ ಭಾಗದಲ್ಲಿ ಗೋಡೆಗೆ ತಾಗದೆ ಸಡಿಲವಾಗಿ ನಿಲ್ಲುತ್ತದೆ. ಅದಕ್ಕೇ ಅಷ್ಟು ಭಾಗವನ್ನು ದಪ್ಪನೆಯ ಗಿಡ್ಡ ಬಲೂನಿನಿಂದ ಮತ್ತೆ ಹಿಗ್ಗಿಸುತ್ತಾರೆ. ಆಮೇಲೆ ಪಕ್ಕದ ಕವಲನ್ನು ನೋಡುತ್ತಾರೆ. ರಕ್ತ ಸರಾಗವಾಗಿ ಹರಿಯುತ್ತಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು. ಬಾಯಿ ಕಿರಿದಾಗಿದ್ದರೆ ಸ್ಟೆಂಟಿನ ಜಾಲರಿಯ ಕಣ್ಣಿನೊಳಗಿಂದ ತಂತಿ ತೂರಿಸಿ ಬಲೂನ್ ಊದುತ್ತಾರೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ಎರಡನೇ ಸ್ಟೆಂಟ್.

ಅಂದರೆ ‘ಪ್ರಾವಿಷನಲ್’ ಎಂಬ ಮಾತು ಸಲ್ಲುವುದು ಇನ್ನೂ ಹಾಕದಿರುವ ಎರಡನೇ ಸ್ಟೆಂಟಿಗೆ. ‘ಬೇಕಾದರಷ್ಟೇ ಎರಡನೆಯದು’ ಎಂದು ಬರೆಯೋಣ ಅಂದುಕೊಂಡಿದ್ದೇನೆ. ಉದ್ದ ಅನಿಸಬಹುದು, ಆದರೆ ಯಾರಿಗೂ ದಾರಿ ತಪ್ಪಿಸುವುದಿಲ್ಲ. ‘ಷರತ್ತುಬದ್ಧ’ ಅಂತಲೂ ಒಬ್ಬರು ಸೂಚಿಸಿದರು. ಅದು ಜಾಮೀನಿನ ಭಾಷೆ, ನನಗೆ ಒಗ್ಗಲಿಲ್ಲ.

ಎರಡೂ ಸ್ಟೆಂಟನ್ನು ಮೊದಲೇ ನಿರ್ಧರಿಸಿ ಹಾಕುವ ವಿಧಾನಗಳ ಹೆಸರುಗಳು ಇನ್ನೊಂದು ತಲೆನೋವು. ‘ಕ್ರಶ್’ ವಿಧಾನದಲ್ಲಿ ಪಕ್ಕದ ಕವಲಿನ ಸ್ಟೆಂಟು ದೊಡ್ಡ ನಾಳದೊಳಕ್ಕೆ ಸ್ವಲ್ಪ ಚಾಚಿಕೊಂಡಿರುತ್ತದೆ. ಆ ಚಾಚಿದ ತುದಿಯನ್ನು ಗೋಡೆಗೆ ಒತ್ತಿ ಅಪ್ಪಚ್ಚಿ ಮಾಡುತ್ತಾರೆ. ಕೈಪಿಡಿಯಲ್ಲಿ ‘ಜಜ್ಜುವ ವಿಧಾನ’ ಎಂದಿದೆ. ಜಜ್ಜುವುದು ನಾಳವನ್ನೋ ಸ್ಟೆಂಟನ್ನೋ ಎಂದು ಗೊತ್ತಾಗದೆ ಓದುವವರ ಎದೆ ಧಸಕ್ಕೆನ್ನಬೇಕು! ‘ಒತ್ತು ವಿಧಾನ’ ಸಾಕಲ್ವಾ? ‘ಕ್ಯೂಲಾಟ್’ ಅಂದರೆ ಫ್ರೆಂಚಿನಲ್ಲಿ ಚಡ್ಡಿ. ಎರಡು ಕವಲಿನ ಸ್ಟೆಂಟುಗಳು ಮೇಲೆ ಒಂದರೊಳಗೊಂದು ಸೇರಿಕೊಂಡು ಎರಡು ಕಾಲಿನ ಹಾಗೆ ಇಳಿಯುವುದರಿಂದ ಆ ಹೆಸರು. ಇದನ್ನು ಅನುವಾದ ಮಾಡದಿರುವುದೇ ಕ್ಷೇಮ. ‘ಕಿಸ್ಸಿಂಗ್ ಬಲೂನ್’ ಎಂಬುದಕ್ಕೆ ‘ಜೋಡಿ ಬಲೂನು’ ಎಂದು ಹಾಕಿದ್ದೇನೆ. ಎರಡು ಕವಲಲ್ಲೂ ಒಂದೊಂದು ಬಲೂನಿಟ್ಟು ಒಟ್ಟಿಗೇ ಊದುವುದರಿಂದ ಅರ್ಥಕ್ಕೇನೂ ಕೊರತೆಯಿಲ್ಲ.

ಕವಲಿನಲ್ಲಿ ಎಲ್ಲೆಲ್ಲಿ ಕಟ್ಟಿಕೊಂಡಿದೆ ಎಂದು ಅಂಕಿಗಳಲ್ಲಿ ಬರೆಯುವ ‘ಮೆದಿನಾ ಶ್ರೇಣಿ’ಯ ಹೆಸರನ್ನೂ ಬದಲಿಸಬೇಕು. 2006ರಲ್ಲಿ ಬಂದ ಈ ಪದ್ಧತಿಯಲ್ಲಿ ಮೂರು ಅಂಕಿಗಳು. ಕವಲಿಗೆ ಹಿಂದಿನ ಭಾಗ, ಮುಂದಿನ ಭಾಗ, ಪಕ್ಕದ ಕವಲು, ಇದೇ ಕ್ರಮ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಕಟ್ಟಿಕೊಂಡಿದ್ದರೆ 1, ಇಲ್ಲದಿದ್ದರೆ 0. ‘0,1,0’ ಅಂದರೆ ಕವಲು ದಾಟಿದ ಮೇಲೆ ದೊಡ್ಡ ನಾಳದಲ್ಲಿ ಮಾತ್ರ ತೊಂದರೆ. ಎಲ್ಲೆಲ್ಲಿ ಕಟ್ಟಿದೆ ಎಂದು ಹೇಳುತ್ತದೆಯೇ ಹೊರತು ಎಷ್ಟು ಗಂಭೀರ ಎಂದಲ್ಲ. ‘ಶ್ರೇಣಿ’ ಎಂದರೆ ಮೇಲು ಕೆಳಗಿನ ಲೆಕ್ಕ ಬರುತ್ತದೆ. ‘ಮೆದಿನಾ ಗುರುತು’ ಎಂದರೆ ಹೇಗೆ?

ಕೊನೆಯದಾಗಿ, ‘ಸೈಡ್ ಬ್ರಾಂಚ್’. ಕೈಪಿಡಿಯಲ್ಲಿ ‘ಪಾರ್ಶ್ವಶಾಖೆ’ ಎಂದಿದೆ. ನನಗೆ ‘ಟಿಸಿಲು’ ಇಷ್ಟ. ಕೂಡುವ ಜಾಗಕ್ಕೆ ‘ಕವಲು’, ಅಲ್ಲಿಂದ ಹೊರಟ ಸಣ್ಣ ನಾಳಕ್ಕೆ ‘ಟಿಸಿಲು’ ಎಂದರೆ ಎರಡೂ ಬೇರೆಬೇರೆಯಾಗಿ ನಿಲ್ಲುತ್ತವೆ. ‘ಟಿಸಿಲು’ ಎಲ್ಲರಿಗೂ ಗೊತ್ತಿರುವ ಪದವೇ? ನಿಮ್ಮ ಕಡೆ ಬೇರೆ ಮಾತಿದ್ದರೆ ತಿಳಿಸಿ.