ಹೊಳೆ ಇಳಿದ ಮೇಲೆ ಎಲ್ಲಿರೋದು? ನಿವೃತ್ತ ಕಂದಾಯ ನಿರೀಕ್ಷಕರಿಗೆ ಕೇಳಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮಲಪ್ರಭಾ ದಂಡೆಯ ಊರು, ಮಣ್ಣಿನ ಮಾಳಿಗೆ ಮನೆ. ಹೊಳೆ ಬಂದು ಹಿಂದಿನ ಗೋಡೆ ಬಿದ್ದಿದೆ, ಮುಂದಿನದು ನಿಂತಿದೆ. ಅತ್ತೆ, ಇಬ್ಬರು ಮಕ್ಕಳು, ನಾವಿಬ್ಬರು ಹನ್ನೆರಡು ದಿನದಿಂದ ಶಾಲೆಯ ಕಾಳಜಿ ಕೇಂದ್ರದಲ್ಲಿದ್ದೇವೆ. ಸೋಮವಾರ ಶಾಲೆ ಶುರು, ಖಾಲಿ ಮಾಡಿ ಅಂತಿದ್ದಾರೆ. ಬಾಡಿಗೆ ಹಣ ಸಿಗುತ್ತಾ? ಸರ್ಕಾರ ಹಾಕಿಕೊಡೋ ತಗಡಿನ ಶೆಡ್ ಒಪ್ಪಿಕೊಂಡರೆ ಮನೆ ಹಣ ತಪ್ಪುತ್ತೆ ಅಂತ ಊರಲ್ಲಿ ಮಾತಿದೆ, ನಿಜನಾ?

ಉತ್ತರ: ನೋಡವ್ವಾ, ಮೊದಲು ಆ ಹೆದರಿಕೆ ಬಿಡು. ಶೆಡ್ ಬೇರೆ ಲೆಕ್ಕ, ಮನೆ ಬೇರೆ ಲೆಕ್ಕ. ಮನೆ ಹಣ ನಿರ್ಧಾರ ಆಗೋದು ಪಂಚನಾಮೆಯಲ್ಲಿ, ಅಂದರೆ ಅಧಿಕಾರಿಗಳು ಜಾಗಕ್ಕೆ ಬಂದು ಮಾಡೋ ವರದಿಯಲ್ಲಿ, ಬರೆದ ಹಾನಿಯ ಮೇಲೆ. ನೀವು ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನೋದರ ಮೇಲೆ ಅಲ್ಲ.

ಬಾಡಿಗೆಗೆ ಕಾಯಂ ದರ ಅಂತ ಇಲ್ಲ. ಪ್ರತಿ ಸಲ ಸರ್ಕಾರ ಹೊಸದಾಗಿ ಆದೇಶ ಮಾಡುತ್ತೆ. 2019ರ ನೆರೆಯಲ್ಲಿ ಮನೆ ಪೂರ್ತಿ ಕಳಕೊಂಡವರಿಗೆ ತಿಂಗಳಿಗೆ 5,000ದಂತೆ 10 ತಿಂಗಳು ಬಾಡಿಗೆ ಅಂತ ನಮ್ಮ ಸರ್ಕಾರ ಹೇಳಿತ್ತು. 2024ರಲ್ಲಿ ವಯನಾಡಿನ ಗುಡ್ಡ ಕುಸಿದಾಗ ಕೇರಳದವರು ತಿಂಗಳಿಗೆ 6,000 ಕೊಟ್ಟರು, ನೆಂಟರ ಮನೆಯಲ್ಲಿ ಇದ್ದವರಿಗೂ ಸೇರಿಸಿ. ಹಾಗಾಗಿ ತಹಶೀಲ್ದಾರ್ ಕಚೇರಿಗೆ ಹೋಗಿ ಈ ವರ್ಷದ ಆದೇಶದ ಪ್ರತಿ ಕೇಳಿ. ಬಾಯಿಮಾತು ನಂಬಬೇಡಿ.

ಈಗ ನಿಮ್ಮ ಮುಂದಿನ ಗೋಡೆ. ನನಗೆ ಜಾಸ್ತಿ ಚಿಂತೆ ಇರೋದು ಅದರದ್ದೇ. ಮಣ್ಣಿನ ಗೋಡೆ ನೀರಲ್ಲಿ ನೆನೆದಾಗ ನಿಂತಿದ್ದರೂ, ಬಿಸಿಲು ಬಿದ್ದು ಒಣಗುವಾಗ ಬಿರುಕು ಬಿಟ್ಟು ಕುಸಿಯಬಹುದು. 2019ರಲ್ಲಿ ಒಂದು ಮನೆಯ ಪಂಚನಾಮೆಗೆ ಹೋಗಿದ್ದೆ. ಗೋಡೆ ಮೇಲೆ ಎದೆಮಟ್ಟಕ್ಕೆ ನೀರಿನ ಗೆರೆ, ಜಂತಿ ಗಟ್ಟಿ. ಅಲ್ಪ ಹಾನಿ ಅಂತ ಬರೆದೆವು. ಎಂಟೇ ದಿನಕ್ಕೆ ಇಡೀ ಪಡಸಾಲೆ ನೆಲಕ್ಕೆ ಬಂತು. ಆ ಮನೆಯ ಅಜ್ಜಿ ದನ ಕಟ್ಟೋಕೆ ಹೊರಗೆ ಹೋಗಿದ್ದರು, ಉಳಿದರು. ಮತ್ತೆ ಎಂಜಿನಿಯರ್ ಕರೆದುಕೊಂಡು ಹೋಗಿ ವರದಿ ತಿದ್ದಿಸೋಕೆ ನನಗೆ ಮೂರು ತಿಂಗಳು ಹಿಡಿಯಿತು. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಅದಕ್ಕೇ ಹೇಳೋದು, ಆ ಮನೆಯೊಳಗೆ ಮಕ್ಕಳನ್ನು ಮಲಗಿಸಲೇಬೇಡಿ. ಬಿದ್ದ ಮಣ್ಣು, ಜಂತಿ ಯಾವುದನ್ನೂ ಪಂಚನಾಮೆ ಆಗೋವರೆಗೆ ತೆಗೆಯಬೇಡಿ. ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ. 2019ರಲ್ಲಿ ಶೇ. 75ಕ್ಕಿಂತ ಜಾಸ್ತಿ ಹಾನಿಗೆ 'ಎ' ವರ್ಗ, 25ರಿಂದ 75ಕ್ಕೆ 'ಬಿ', 15ರಿಂದ 25ಕ್ಕೆ 'ಸಿ'. 'ಎ'ಗೆ 5 ಲಕ್ಷ, 'ಸಿ'ಗೆ 50 ಸಾವಿರ. ಒಂದು ಅಕ್ಷರದ ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ಆಮೇಲೆ ಗೋಡೆ ಬಿದ್ದರೆ ಅವತ್ತೇ ಮರು ಸಮೀಕ್ಷೆಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಶಾಲೆ ಖಾಲಿ ಮಾಡಿಸೋ ಮೊದಲು ಬೇರೆ ಜಾಗ ತೋರಿಸಿ ಅಂತ ಎಲ್ಲ ಕುಟುಂಬಗಳೂ ಸೇರಿ ಬರೆದುಕೊಡಿ. ಸಮುದಾಯ ಭವನ, ಕಲ್ಯಾಣ ಮಂಟಪ ಏನಾದರೂ ಇರುತ್ತೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮಾರ್ಗಸೂಚಿಯಲ್ಲಿ ಒಬ್ಬರಿಗೆ ಮೂರೂವರೆ ಚದರ ಮೀಟರ್ ಜಾಗ, 30 ಜನಕ್ಕೆ ಒಂದು ಶೌಚಾಲಯ ಅಂತ ಇದೆ. ಇದನ್ನು ಕೇಳೋದರಲ್ಲಿ ನಾಚಿಕೆ ಇಲ್ಲ.

ಮತ್ತೊಬ್ಬ ಸದಸ್ಯರು: ಅಣ್ಣಾ, ಶೆಡ್‌ನಲ್ಲಿ ಮಧ್ಯಾಹ್ನ ಕೂರೋಕಾಗಲ್ಲ. ನಮ್ಮವ್ವ ತಗಡಿನ ಮೇಲೆ ಗೋಣಿಚೀಲ ಹಾಸಿ ತಾಸಿಗೊಮ್ಮೆ ನೀರು ಚಿಮುಕಿಸುತ್ತಿದ್ದಳು. ದನಕ್ಕಂತೂ ಜಾಗವೇ ಇರಲಿಲ್ಲ.

ಉತ್ತರ: ಹೌದಪ್ಪಾ, ನಿಮ್ಮವ್ವನಂಥವರನ್ನು ಬಹಳ ನೋಡಿದ್ದೇನೆ. ತಗಡಿನ ಮೇಲೆ ಜೋಳದ ದಂಟು ದಪ್ಪಗೆ ಹೊದಿಸಿದರೆ ಸ್ವಲ್ಪ ತಡೆಯುತ್ತೆ, ಆದರೆ ಒಲೆಯ ಕಿಡಿ ತಾಗದಂತೆ ಎಚ್ಚರ. ದನದ ವಿಷಯ ಹೇಳಿದ್ದು ಒಳ್ಳೆಯದಾಯಿತು. 2009ರ ನೆರೆ ಆದ ಮೇಲೆ ಎತ್ತರದಲ್ಲಿ 'ಆಸರೆ' ಮನೆ ಕಟ್ಟಿದರು. ಎಷ್ಟೋ ಖಾಲಿ ಬಿದ್ದವು. ಹೊಲ ದೂರ, ಕೊಟ್ಟಿಗೆಗೆ ಜಾಗ ಇಲ್ಲ, ಹಲವರ ಕೈಗೆ ಹಕ್ಕುಪತ್ರವೂ ಬರಲಿಲ್ಲ. ಶೆಡ್ ಎಲ್ಲಿ ಹಾಕಬೇಕು ಅಂತ ಗ್ರಾಮ ಸಭೆಯಲ್ಲಿ ಮಾತಾಡುವಾಗಲೇ ದನದ ಮಾತೂ ಎತ್ತಿ.

ಪ್ರಶ್ನೆ ಕೇಳಿದವರು: ಸರ್, ಮನೆಯ ಉತಾರ (ಆಸ್ತಿ ದಾಖಲೆ) ಇನ್ನೂ ತೀರಿಹೋದ ಮಾವನ ಹೆಸರಲ್ಲಿದೆ. ನಡೆಯುತ್ತಾ?

ಉತ್ತರ: ಇದೇ ಕಾರಣಕ್ಕೆ ಹಣ ನಿಂತ ಮನೆಗಳು ಬಹಳ. ಪಂಚನಾಮೆ ನಿಲ್ಲಿಸಬೇಡಿ, ಈಗಿನ ವಾಸದಾರರು ಅಂತ ನಿಮ್ಮತ್ತೆಯ ಹೆಸರು ಬರೆಸಿ. ಮರಣ ಪ್ರಮಾಣಪತ್ರ, ವಂಶಾವಳಿ, ಮಾವನ ಮಕ್ಕಳೆಲ್ಲರ ಒಪ್ಪಿಗೆ ಪತ್ರ ಈ ವಾರವೇ ಮಾಡಿಸಿ. ಅತ್ತೆಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ. ಮನೆ ಹಣ ಒಂದೇ ಸಲ ಬರಲ್ಲ. ಅಡಿಪಾಯ, ಗೋಡೆ, ಛಾವಣಿ ಆದ ಹಾಗೆ ಪಂಚಾಯಿತಿಯವರು ಜಾಗದಲ್ಲೇ ಫೋಟೋ ತೆಗೆದು ಆನ್‌ಲೈನ್‌ಗೆ ಏರಿಸಿದ ಮೇಲೆ ಕಂತು ಬಿಡುತ್ತಾರೆ. ಕಾಗದ ನೀರಲ್ಲಿ ಹೋಗಿದ್ದರೆ ಹೇಳಿ, ನಕಲು ಪ್ರತಿಗೆ ಅರ್ಜಿ ಬರೆಯೋದನ್ನು ಇಲ್ಲೇ ಹೇಳಿಕೊಡುತ್ತೇನೆ.