ವಿದೇಶದಲ್ಲಿ ಓದಿದ ಮಹಿಳೆಯರ ಗಳಿಕೆ ಹೆಚ್ಚುವುದು ಓದಿನಿಂದಲೇ?

ಪ್ರಶ್ನೆ:
ಪದವಿಯ ನಡುವೆ ಒಂದೆರಡು ಸೆಮಿಸ್ಟರ್ ವಿದೇಶದಲ್ಲಿ ಓದಿದ ಮಹಿಳೆಯರಿಗೆ ಮುಂದೆ ಹೆಚ್ಚು ಸಂಬಳ ಸಿಗುತ್ತದೆ ಎಂಬ ಮಾತು ವಿಶ್ವವಿದ್ಯಾಲಯಗಳ ಪ್ರಚಾರ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಈ ಹೆಚ್ಚಳ ನಿಜವಾಗಿಯೂ ವಿದೇಶದ ಓದಿನ ಫಲವೇ? ಪುರುಷರಿಗೆ ಸಿಗುವಷ್ಟೇ ಲಾಭ ಮಹಿಳೆಯರಿಗೂ ಸಿಗುತ್ತದೆಯೇ?

ಮೊದಲ ಉತ್ತರ:
ಹೋದವರ ಮತ್ತು ಹೋಗದವರ ಸರಾಸರಿ ಸಂಬಳವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ದೊರೆಯುವುದಿಲ್ಲ. ಹೊರಡುವವರಲ್ಲಿ ಉಳ್ಳವರ ಮನೆಯಿಂದ ಬಂದವರು, ಒಳ್ಳೆಯ ಅಂಕ ಗಳಿಸಿದವರು, ಇನ್ನೊಂದು ಭಾಷೆ ಬಲ್ಲವರು ಹೆಚ್ಚಾಗಿರುವುದರಿಂದ, ಅವರು ಸ್ವದೇಶದಲ್ಲೇ ಉಳಿದಿದ್ದರೂ ಬಹುಶಃ ಹೆಚ್ಚೇ ಗಳಿಸುತ್ತಿದ್ದರು. ಈ ತೊಡಕನ್ನು ಬಿಡಿಸಲು ಸಂಶೋಧಕರು ಯುರೋಪಿನಲ್ಲಿ 1987ರಲ್ಲಿ ಆರಂಭವಾದ, ಪದವಿಯ ನಡುವೆ ಅಲ್ಲಿನ ಇನ್ನೊಂದು ದೇಶದಲ್ಲಿ ಓದಲು ನೆರವಾಗುವ ಎರಾಸ್ಮಸ್ ವಿದ್ಯಾರ್ಥಿವೇತನವನ್ನು ಬಳಸಿಕೊಂಡರು: ಅದು ಬೇರೆ ಬೇರೆ ವಿಶ್ವವಿದ್ಯಾಲಯಗಳ ಬೇರೆ ಬೇರೆ ವಿಭಾಗಗಳನ್ನು ಬೇರೆ ಬೇರೆ ವರ್ಷಗಳಲ್ಲಿ ತಲುಪಿದ್ದರಿಂದ, ಹೋಗುವ ಅವಕಾಶ ವಿದ್ಯಾರ್ಥಿಯ ಯೋಗ್ಯತೆಯೊಂದನ್ನೇ ಅವಲಂಬಿಸಿರಲಿಲ್ಲ. ಜರ್ಮನಿಯ ಪದವೀಧರರ ಬಗ್ಗೆ 2011ರಲ್ಲಿ ಪ್ರಕಟವಾದ ಇಂಥ ಅಧ್ಯಯನದ ಪ್ರಕಾರ, ವಿದೇಶದಲ್ಲಿ ಓದಿದವರು ಮುಂದೆ ವಿದೇಶದಲ್ಲೇ ಕೆಲಸ ಮಾಡುವ ಸಾಧ್ಯತೆ ಸುಮಾರು 15 ಶೇಕಡಾ ಅಂಶಗಳಷ್ಟು ಏರುತ್ತದೆ. ಅಂದರೆ ಓದು ಮೊದಲು ಬದಲಿಸುವುದು ಕೆಲಸ ಹುಡುಕುವ ಮಾರುಕಟ್ಟೆಯನ್ನು. ಸಂಬಳದ ಮಾತು ಆಮೇಲಿನದು.

ಎರಡನೆಯ ಉತ್ತರ:
ಲೆಕ್ಕ ಎದುರು ದಿಕ್ಕಿಗೂ ವಾಲಬಹುದು. ಅಮೆರಿಕದಿಂದ ಓದಲು ಹೊರದೇಶಕ್ಕೆ ಹೋಗುವ ವಿದ್ಯಾರ್ಥಿಗಳಲ್ಲಿ ಸುಮಾರು ಮೂರನೇ ಎರಡರಷ್ಟು ಮಹಿಳೆಯರೇ ಇದ್ದಾರೆ, ಮತ್ತು ಹೀಗೆ ಹೋಗುವುದು ವಾಡಿಕೆಯಾಗಿರುವ ಭಾಷೆ, ಮಾನವಿಕ ವಿಷಯಗಳಲ್ಲಿ ಸಂಬಳ ಎಂಜಿನಿಯರಿಂಗ್‌ಗಿಂತ ಕಡಿಮೆ. ವಿಷಯವನ್ನು ಗಣನೆಗೆ ತಾರದೆ ಹೋಲಿಸಿದರೆ ವಿದೇಶದ ಓದಿನ ಲಾಭ ಇರುವುದಕ್ಕಿಂತ ಚಿಕ್ಕದಾಗಿ ಕಂಡೀತು.

ಪ್ರಶ್ನೆ ಕೇಳಿದವರು:
ಹಾಗಾದರೆ ಒಂದೇ ವಿಷಯ ಓದಿದ ಇಬ್ಬರನ್ನು ಹೋಲಿಸಿ, ಅವರ ಮೊದಲ ಕೆಲಸದ ಸಂಬಳ ನೋಡಿದರೆ ಸಾಕಲ್ಲವೇ?

ಮೂರನೆಯ ಉತ್ತರ:
ಸಾಲದು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರ ಸಂಶೋಧನೆ ತೋರಿಸಿದಂತೆ, ಒಂದೇ ವೃತ್ತಿಯ ಸ್ತ್ರೀಪುರುಷರ ಗಳಿಕೆಯಲ್ಲಿ ಆರಂಭದಲ್ಲಿ ಅಂತರ ಕಡಿಮೆಯಿದ್ದು, ಮೊದಲ ಮಗು ಹುಟ್ಟಿದ ನಂತರ ಅದು ಬೆಳೆಯುತ್ತದೆ. ಸ್ತ್ರೀಪುರುಷ ಸಮಾನತೆಗೆ ಹೆಸರಾದ ಡೆನ್ಮಾರ್ಕಿನಂಥ ದೇಶದಲ್ಲೂ ಮಗುವಾದ ನಂತರ ಪುರುಷರಿಗೆ ಹೋಲಿಸಿದರೆ ತಾಯಂದಿರ ಗಳಿಕೆಗೆ ಆಗುವ ಈ ನಷ್ಟ ದೀರ್ಘಕಾಲದಲ್ಲಿ ಸುಮಾರು ಶೇ. 20ರಷ್ಟಿದೆ. ದೀರ್ಘ ಸಮಯದ ದುಡಿಮೆ ಮತ್ತು ಪ್ರಯಾಣ ಬೇಡುವ ಅಂತರರಾಷ್ಟ್ರೀಯ ಹುದ್ದೆಗಳಿಗೆ ವಿದೇಶದ ಓದು ದಾರಿ ತೆರೆದರೂ, ಮಗುವಿನ ಹೊಣೆ ತಾಯಿಯ ಮೇಲೇ ಬಿದ್ದಾಗ ಬಿಟ್ಟುಬಿಡಬೇಕಾಗಿ ಬರುವುದು ಅಂಥ ಹುದ್ದೆಗಳನ್ನೇ. ಪತಿಯ ಕೆಲಸಕ್ಕಾಗಿ ದೇಶ ಬದಲಿಸಿದರಂತೂ, ವೈದ್ಯಕೀಯ ಅಥವಾ ಕಾನೂನಿನಂಥ ಕ್ಷೇತ್ರದಲ್ಲಿ ಪದವಿಗೆ ಹೊಸದಾಗಿ ಮಾನ್ಯತೆ ಪಡೆಯುವವರೆಗೆ ಗಳಿಕೆ ನಿಂತೇ ಹೋಗಬಹುದು. ಆದ್ದರಿಂದ ಪದವಿ ಮುಗಿದ ವರ್ಷದ ಸಂಬಳವನ್ನಷ್ಟೇ ತೋರಿಸುವ ಅಂಕಿಅಂಶವನ್ನು ನಾನು ನಂಬಲಾರೆ. ಹತ್ತು ವರ್ಷಗಳ ನಂತರ ಅದೇ ಮಹಿಳೆಯರು ಎಲ್ಲಿ, ಯಾವ ಹುದ್ದೆಯಲ್ಲಿದ್ದಾರೆ ಎಂಬುದನ್ನೂ ಕೇಳಬೇಕು.